ಕೆಲಸದ ಅರ್ಧಕ್ಕೆ ಆಫ್ ಆಗುವ ಕಂಪ್ಯೂಟರ್: ಪ್ರೊಸೆಸರ್ ಬಿಸಿಯ ಮೂಲ ಹುಡುಕಿ ಮನೆಯಲ್ಲೇ ಸರಿಮಾಡುವ ಬಗೆ

ಪತ್ತನಾಜೆಗೆ ಇನ್ನು ಹದಿನೈದು ದಿನ ಇತ್ತು. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಹೊತ್ತು ಅಂದರೆ ನನಗೆ ಸುಗ್ಗಿ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಸುತ್ತಮುತ್ತ ಆಗುವ ಆಟಗಳ ವಿಡಿಯೋ ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ಅವತ್ತು ಏಳು ತಾಸು ಉದ್ದದ ಒಂದು ಆಟವನ್ನು ರೆಂಡರಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡಲು, ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಸಿಪಿಯು ಸದ್ದಿಲ್ಲದೆ ಕೂತಿದೆ. ಪುನಃ ಹಾಕಿದೆ. ಶೇಕಡಾ 38ಕ್ಕೆ ಆಫ್. ಇನ್ನೊಮ್ಮೆ ಹಾಕಿದೆ. 41ಕ್ಕೆ ಆಫ್.

ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಆನ್ ಮಾಡಿ, ಎರಡು ನಿಮಿಷ ಸ್ಕ್ರೀನ್ ನೋಡಿ, ಮಲಯಾಳದಲ್ಲಿ "ಬೋರ್ಡ್ ಪೋಯಿ" ಅಂದರು, ಮದರ್‌ಬೋರ್ಡ್ ಹೋಯಿತು ಅಂತ. ಹನ್ನೊಂದು ಸಾವಿರ ಆಗುತ್ತದಂತೆ. ಪೆಟ್ಟಿಗೆಯ ಬಾಗಿಲು ಕೂಡ ತೆಗೆದಿರಲಿಲ್ಲ. ಮತ್ತೆ ಬಸ್ಸಿಗೆ ಹತ್ತಿಸಿ ಮನೆಗೆ ತಂದೆ.

ಬೋರ್ಡಿಗೆ ಏನೂ ಆಗಿರಲಿಲ್ಲ. ಇದ್ದದ್ದು ಎರಡು ತೊಂದರೆ. ಒಂದು ಬಿಸಿಯದ್ದು. ಇನ್ನೊಂದಕ್ಕೂ ಬಿಸಿಗೂ ಸಂಬಂಧವೇ ಇಲ್ಲ. ಆದರೆ ಎರಡೂ ಒಂದೇ ವೇಷ ಕಟ್ಟಿಕೊಂಡು ಬಂದಿದ್ದವು. ಇದನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅಂತ ಆ ಒಂದು ವಾರದಲ್ಲಿ ಕಲಿತೆ. ಆಮೇಲೆ ಊರಿನ ಹತ್ತಾರು ಪೆಟ್ಟಿಗೆಗಳನ್ನು ಬಿಚ್ಚಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹೇಗೆ ನಿಲ್ಲುತ್ತದೆ ಅಂತ ನೋಡಿ

"ಕಂಪ್ಯೂಟರ್ ಆಫ್ ಆಗುತ್ತದೆ" ಅಂದರೆ ಸಾಲದು. ಹೇಗೆ ಆಫ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಫ್ಯಾನು ಜೋರಾಗಿ ಕೂಗುತ್ತದೆ, ಎಲ್ಲವೂ ನಿಧಾನ ಆಗುತ್ತದೆ, ಆದರೆ ನಿಲ್ಲುವುದಿಲ್ಲ. ಇದು ಬಿಸಿ. ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತಿದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ.

ಯಾರೋ ಪ್ಲಗ್ ಎಳೆದ ಹಾಗೆ ಪಕ್ಕನೆ ಕಪ್ಪಾಗುತ್ತದೆ. ಇದು ವಿಪರೀತ ಬಿಸಿ ಇರಬಹುದು, ಎಸ್‌ಎಂಪಿಎಸ್ (ಪೆಟ್ಟಿಗೆಯೊಳಗಿನ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ) ಸೋತಿರಬಹುದು, ಮನೆಯ ಕರೆಂಟಿನದ್ದೂ ಇರಬಹುದು.

ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಚಿತ್ರ ಹಾಗೇ ನಿಂತು ಮೌಸ್ ಕೂಡ ಅಲುಗಾಡುವುದಿಲ್ಲ. ಆಗ ಬಿಸಿಗಿಂತ ಮೊದಲು ರ್‍ಯಾಮ್ ಮೇಲೆ ಅನುಮಾನ ಪಡಿ. ಆಮೇಲೆ ವೋಲ್ಟೇಜ್, ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು).

ಆನ್ ಮಾಡಿದ ಹತ್ತಿಪ್ಪತ್ತು ಸೆಕೆಂಡಿನಲ್ಲೇ ಆಫ್ ಆದರೆ ಪ್ರೊಸೆಸರ್ ಮೇಲೆ ಕೂರುವ ಕೂಲರ್ ಸಡಿಲ ಆಗಿರಬಹುದು, ಅಥವಾ ಅದರ ಫ್ಯಾನು ತಿರುಗದೆ ಇರಬಹುದು. ನೀರಿನ ಕೂಲರ್ ಇದ್ದರೆ ಪಂಪ್ ನಿಂತಿರಬಹುದು.

ವಿಂಡೋಸ್ ಇದ್ದರೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಕರ್ನಲ್-ಪವರ್ 41 ಅಂತ ಕೆಂಪು ಗುರುತು ಸಿಗುತ್ತದೆ. ಜನ ಇದನ್ನು ನೋಡಿ ಹೆದರಿಬಿಡುತ್ತಾರೆ. ಅದು ಹೇಳುವುದು ಇಷ್ಟೇ: ಕಳೆದ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಕಾರಣ ಅದಕ್ಕೂ ಗೊತ್ತಿಲ್ಲ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ನೀಲಿ ಸ್ಕ್ರೀನ್ ದಾಖಲಾಗಿಲ್ಲ ಅಂತ ಅರ್ಥ. ಅಂದರೆ ಕರೆಂಟ್ ಕಡಿದಿದೆ ಅಥವಾ ಪೂರ್ತಿ ಹ್ಯಾಂಗ್ ಆಗಿದೆ. ಡಬ್ಲ್ಯೂಎಚ್‌ಇಎ-ಲಾಗರ್ 18 ಅಥವಾ 19 ಕಂಡರೆ ಹಾರ್ಡ್‌ವೇರ್ ತಪ್ಪು ಮಾಡುತ್ತಿದೆ. 19 ಅಂದರೆ ತಪ್ಪಾಗಿತ್ತು, ತಿದ್ದಿಕೊಂಡಿತು. 18 ಅಂದರೆ ತಿದ್ದಲು ಆಗಲಿಲ್ಲ.

ಎರಡನೆಯದು: ಪರ್ಸ್ ತೆಗೆಯುವ ಮೊದಲು ಅಳತೆ ತೆಗೆಯಿರಿ

ಒಂದು ಹಳೆ ನೋಟ್‌ಬುಕ್ ಇಟ್ಟುಕೊಳ್ಳಿ. ಹಾಲಿನ ಲೆಕ್ಕ ಬರೆಯುವಂಥದ್ದು ಸಾಕು. ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಸೆನ್ಸರ್ಸ್ ಓನ್ಲಿ ಅಂತ ತೆರೆಯಿರಿ. ನೂರಾರು ಸಾಲು ಬರುತ್ತವೆ. ನಿಮಗೆ ಬೇಕಾದ್ದು ಐದೇ (ಇಲ್ಲಿ ಸಿಪಿಯು ಅಂದರೆ ಪೆಟ್ಟಿಗೆ ಅಲ್ಲ, ಪ್ರೊಸೆಸರ್): ಸಿಪಿಯು ಪ್ಯಾಕೇಜ್ ತಾಪ, ಸಿಪಿಯು ಪ್ಯಾಕೇಜ್ ಪವರ್ ಅಂದರೆ ವ್ಯಾಟ್, ಕೋರ್‌ಗಳ ವೇಗ, ಫ್ಯಾನಿನ ಆರ್‌ಪಿಎಂ, ಥರ್ಮಲ್ ಥ್ರಾಟ್ಲಿಂಗ್ ಯೆಸ್ಸೋ ನೋವೋ.

ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಮನೆಯಲ್ಲಿ ಕೈಟ್‌ನ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಉಬುಂಟು ಇರುವ ಸಾಧ್ಯತೆ ಜಾಸ್ತಿ. ಕೇರಳದ ಸರಕಾರಿ ಶಾಲೆಗಳಲ್ಲಿ ನಡೆಯುವುದು ಅದೇ ಅಲ್ವಾ. ಅದರಲ್ಲಿ ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿದರೆ ಟರ್ಮಿನಲ್‌ನಲ್ಲೇ ತಾಪ ಕಾಣುತ್ತದೆ. ಎಸ್-ಟಿಯುಐ ಹಾಕಿದರೆ ಗ್ರಾಫ್ ಸಮೇತ ಸಿಗುತ್ತದೆ.

ಈಗ ಮೂರು ಸಂಖ್ಯೆ ಬರೆಯಿರಿ. ಕೋಣೆಯ ತಾಪ. ಏನೂ ಮಾಡದೆ ಹತ್ತು ನಿಮಿಷ ಬಿಟ್ಟಾಗಿನ ತಾಪ. ಸಿನಿಬೆಂಚ್ (ಪ್ರೊಸೆಸರ್‌ಗೆ ಭಾರದ ಕೆಲಸ ಕೊಡುವ ತಂತ್ರಾಂಶ) ಅಥವಾ ನಿಮ್ಮದೇ ರೆಂಡರ್ ಹತ್ತು ನಿಮಿಷ ಓಡಿಸಿದಾಗಿನ ತಾಪ. ಕೋಣೆಯ ತಾಪ ಯಾಕೆಂದರೆ, ಕೂಲರ್ ಎಷ್ಟೇ ಒಳ್ಳೆಯದಾದರೂ ಕೋಣೆಗಿಂತ ತಣ್ಣಗೆ ಮಾಡಲಾರದು. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಶೀಟ್ ಮಾಡಿನ ಕೆಳಗಿನ ಕೋಣೆ 34 ಡಿಗ್ರಿ ಇದ್ದರೆ, ಎಸಿ ಕೋಣೆಯಲ್ಲಿ ಕೂತು ಯಾರೋ ತೆಗೆದ 65 ಡಿಗ್ರಿ ನಿಮ್ಮಲ್ಲಿ 75ರ ಹತ್ತಿರ ಬರುತ್ತದೆ. ಅದಕ್ಕೆ ತಲೆಬಿಸಿ ಮಾಡಬೇಡಿ.

ಎಷ್ಟಾದರೆ ಜಾಸ್ತಿ? ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿಗೆ ವೇಗ ಇಳಿಸುತ್ತವೆ. ಎಎಂಡಿ ರೈಜನ್ 5600ಎಕ್ಸ್‌ಗೆ ಮಿತಿ 95, 5800ಎಕ್ಸ್‌ಗೆ 90, 7800ಎಕ್ಸ್3ಡಿಗೆ 89. ರೈಜನ್ 7700ಎಕ್ಸ್, 7950ಎಕ್ಸ್ ಥರದವು ಭಾರದ ಕೆಲಸದಲ್ಲಿ 95 ಮುಟ್ಟುವಂತೆಯೇ ಮಾಡಿದವು. ಅವು 95ರಲ್ಲಿ ಓಡುತ್ತಿದ್ದರೆ ಕಾಯಿಲೆ ಅಂತ ತಿಳಿಯಬೇಡಿ. ಉಳಿದವಕ್ಕೆ ನನ್ನ ಲೆಕ್ಕ ಹೀಗೆ: ಭಾರದ ಕೆಲಸದಲ್ಲಿ 85ರ ಒಳಗಿದ್ದರೆ ನಿದ್ದೆ ಮಾಡಿ. 85ರಿಂದ 95 ಇದ್ದರೆ ಭಾನುವಾರ ಸ್ವಚ್ಛ ಮಾಡಿ. ಮಿತಿ ಮುಟ್ಟುತ್ತಿದ್ದರೆ ಇವತ್ತೇ ಬಿಚ್ಚಿ.

ತಾಪವನ್ನು ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ವ್ಯಾಟ್ ಇಟ್ಟು ಓದಿ. ಇದೊಂದು ಗೊತ್ತಿದ್ದರೆ ಆ ಅಂಗಡಿಗೆ ನಾನು ಹೋಗುತ್ತಲೇ ಇರಲಿಲ್ಲ. ನನ್ನದು ಐ5-12400, ಜೊತೆಗೆ ಬಂದ ಕೂಲರ್. ಅವತ್ತಿನ ಪುಟದಲ್ಲಿ ಹೀಗಿದೆ: ಕೋಣೆ 34, ಸುಮ್ನೆ ಇದ್ದಾಗ 58, ರೆಂಡರ್‌ನಲ್ಲಿ 100, ಆದರೆ ಬರೀ 44 ವ್ಯಾಟ್. ಆ ಪ್ರೊಸೆಸರ್ ರೆಂಡರ್‌ನಲ್ಲಿ 70 ವ್ಯಾಟಿನ ಆಸುಪಾಸು ತಿನ್ನಬೇಕು. 44 ವ್ಯಾಟಿಗೇ 100 ಡಿಗ್ರಿ ಅಂದರೆ ಬಿಸಿ ಹುಟ್ಟುವುದು ಜಾಸ್ತಿಯಾದದ್ದಲ್ಲ, ಹೊರಗೆ ಹೋಗುತ್ತಿಲ್ಲ. ಇದೇ 200 ವ್ಯಾಟ್ ತಿಂದು 100 ಡಿಗ್ರಿ ಆಗಿದ್ದರೆ ಕಥೆ ಬೇರೆ. ಆಗ ಕೂಲರ್ ತನ್ನ ಕೆಲಸ ಮಾಡುತ್ತಿದೆ, ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ಸೆಟ್ಟಿಂಗ್ ತಂತ್ರಾಂಶ) ಪ್ರೊಸೆಸರ್‌ಗೆ ಲಂಗುಲಗಾಮು ಇಲ್ಲದೆ ತಿನ್ನಿಸುತ್ತಿದೆ.

ಇನ್ನೊಂದು ಸುಳಿವು ಏರುವ ವೇಗ. ರೆಂಡರ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ 50ರಿಂದ 95ಕ್ಕೆ ಹಾರಿದರೆ ಕೂಲರ್ ಪ್ರೊಸೆಸರ್‌ಗೆ ಸರಿಯಾಗಿ ಅಂಟಿಲ್ಲ, ಅಥವಾ ಎರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ. ಹತ್ತು ಹದಿನೈದು ನಿಮಿಷದಲ್ಲಿ ಮೆಲ್ಲ ಮೆಲ್ಲ ಏರಿದರೆ ಧೂಳು ಅಥವಾ ಗಾಳಿ ಆಡದ ಪೆಟ್ಟಿಗೆ. ದೊಡ್ಡ ಪಾತ್ರೆಯ ನೀರು ಕಾದ ಹಾಗೆ ಅದು.

ಮೂರನೆಯದು: ಬಾಗಿಲು ತೆಗೆದಿಟ್ಟು ನೋಡಿ

ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ಎದುರು ಟೇಬಲ್ ಫ್ಯಾನ್ ಇಟ್ಟು, ಅದೇ ರೆಂಡರ್ ಮತ್ತೆ ಓಡಿಸಿ. ತಾಪ ಹತ್ತು ಡಿಗ್ರಿ ಇಳಿದರೆ ಗಾಳಿಯ ದಾರಿಯೇ ತಪ್ಪಿದೆ. ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ತೊಂದರೆ ಕೂಲರ್ ಬುಡದಲ್ಲಿದೆ. ಖರ್ಚು ಸೊನ್ನೆ.

ಗಾಳಿಯ ದಾರಿ ಅಂದಾಗ ನೆನಪಾಯಿತು. ಕಸೂತಿ ಹಾಕಿದ ಬಟ್ಟೆ ಹೊದಿಸಿಕೊಂಡೇ ಓಡುವ ಸಿಪಿಯುಗಳನ್ನು ನಾನು ಕುಂಬಳೆಯಿಂದ ಪೆರ್ಲದವರೆಗೆ ನೋಡಿದ್ದೇನೆ. ಧೂಳು ಬೀಳಬಾರದು ಅಂತ ಅಮ್ಮ ಹೊಲಿದದ್ದು. ಆಫ್ ಇದ್ದಾಗ ಹೊದಿಸಿ, ತೊಂದರೆಯಿಲ್ಲ. ಆನ್ ಮಾಡುವಾಗ ತೆಗೆಯಲೇಬೇಕು. ಕಂಪ್ಯೂಟರ್ ಟೇಬಲ್‌ನ ಗೂಡಿನೊಳಗೆ ಸಿಕ್ಕಿಸಿಟ್ಟರೂ ಅಷ್ಟೇ. ಹಿಂದಿನ ಫ್ಯಾನು ಬಿಟ್ಟ ಬಿಸಿ ಗಾಳಿ ಗೂಡಿನಲ್ಲೇ ಸುತ್ತಿ ಮುಂದಿನಿಂದ ಪುನಃ ಒಳಗೆ ಹೋಗುತ್ತದೆ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಮುಂದಿನ ಫ್ಯಾನು ಗಾಳಿ ಎಳೆಯಬೇಕು, ಹಿಂದಿನದ್ದು ಹೊರಗೆ ಬಿಡಬೇಕು. ಒಂದು ಕಾಗದದ ಚೂರು ಹಿಡಿದರೆ ಯಾವುದು ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

ನಾಲ್ಕನೆಯದು: ನಮ್ಮ ಊರಿನ ಧೂಳು

ಕಾಸರಗೋಡಿನ ಧೂಳು ಬೇರೆ ಥರ. ಮುರಕಲ್ಲಿನ ಕೆಂಪು ಪುಡಿ ಇದೆ. ಅಡಿಕೆ ಸುಲಿಯುವ ಮನೆಯಾದರೆ ಸಿಪ್ಪೆಯ ನಾರು ಇದೆ. ಅದಕ್ಕೆ ಅಗರಬತ್ತಿ ಮತ್ತು ಸೊಳ್ಳೆಬತ್ತಿಯ ಹೊಗೆ ಸೇರುತ್ತದೆ. ಮೇಲಿಂದ ಕಡಲ ಕಡೆಯ ಉಪ್ಪು ತೇವ. ಇಷ್ಟೂ ಸೇರಿದರೆ ಒರೆಸಿದರೆ ಹೋಗುವ ಧೂಳಾಗಿ ಉಳಿಯುವುದಿಲ್ಲ, ಅಂಟು ಕಂಬಳಿ ಆಗುತ್ತದೆ.

ನನ್ನ ಕೂಲರಿನ ಫ್ಯಾನನ್ನು ಅಲ್ಯೂಮಿನಿಯಂ ಪಟ್ಟಿಗಳ ಮೇಲಿಂದ ಬಿಡಿಸಿದಾಗ ಕೆಳಗೆ ಪಟ್ಟಿಗಳೇ ಕಾಣಲಿಲ್ಲ. ಬೂದು ಕೆಂಪು ಬಣ್ಣದ ಒಂದು ಬಿಲ್ಲೆ ಇತ್ತು. ಉಗುರಿನಿಂದ ಎತ್ತಿದರೆ ದುಂಡಗೆ, ದೋಸೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ಅಡಿಕೆ ನಾರು ನೇಯ್ದುಕೊಂಡಿತ್ತು. ಪಕ್ಕದಲ್ಲಿ ಒಡೆದ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಬೆಚ್ಚಗಿನ ಜಾಗ ಹುಡುಕುವುದರಲ್ಲಿ ಹಲ್ಲಿಗೆ ನಮಗಿಂತ ಬುದ್ಧಿ ಜಾಸ್ತಿ.

ಸ್ವಚ್ಛ ಮಾಡುವ ಕ್ರಮ ಹೀಗೆ. ಶಟ್‌ಡೌನ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಇಳಿಯಲಿ. ಪೆಟ್ಟಿಗೆಯನ್ನು ಜಾಲಿಗೆ, ಅಂದರೆ ಅಂಗಳಕ್ಕೆ ತನ್ನಿ, ಒಳಗೆ ಮಾಡಿದರೆ ಮನೆಯವರ ಬೈಗುಳ ಖಂಡಿತ. ಒಳಗೆ ಕೈ ಹಾಕುವ ಮೊದಲು ಪೇಂಟ್ ಇಲ್ಲದ ಲೋಹದ ಭಾಗ ಮುಟ್ಟಿ. ಎರಡು ಇಂಚಿನ ಹೊಸ ಪೇಂಟ್ ಬ್ರಷ್‌ನಿಂದ ಮೇಲಿಂದ ಕೆಳಗೆ ಉದುರಿಸಿ, ಆಮೇಲೆ ಕೈಯ ಬ್ಲೋವರ್‌ನಿಂದ ಊದಿ. ಊದುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತಿರುಗಬೇಕಾದ್ದಕ್ಕಿಂತ ಜೋರು ತಿರುಗಿ ಬೇರಿಂಗ್ ಹೋಗುತ್ತದೆ.

ಪಂಕ್ಚರ್ ಅಂಗಡಿಗೆ ಕೊಂಡುಹೋಗಿ ಗಾಳಿ ಹೊಡೆಸುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಬೇಡ. ಆ ಪೈಪಿನಲ್ಲಿ ಗಾಳಿಯ ಜೊತೆ ನೀರೂ ಎಣ್ಣೆಯೂ ಬರುತ್ತದೆ. ಎಸ್‌ಎಂಪಿಎಸ್ ಅನ್ನು ಹೊರಗಿನಿಂದ ಊದಿದರೆ ಸಾಕು, ಅದರ ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರಬಹುದು.

ಐದನೆಯದು: ಕೂಲರ್ ಬಿಚ್ಚಿ ಪೇಸ್ಟ್ ಹಾಕುವುದು

ಹೆಚ್ಚಿನವರು ಹೆದರುವುದು ಇಲ್ಲಿಗೆ. ಹೆಚ್ಚಿನ ಕಾಯಿಲೆ ಇರುವುದೂ ಇಲ್ಲೇ.

ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತವೆ. ಪಿನ್ನಿನ ತಲೆಯಲ್ಲಿ ಒಂದು ಬಾಣದ ಗುರುತು ಇದೆ. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆ ಎಳೆದರೆ ಬಿಡುತ್ತದೆ. ನನ್ನದರಲ್ಲಿ ಎಡಗಡೆ ಮೇಲಿನ ಪಿನ್ ಮುಟ್ಟಿದ ಕೂಡಲೇ ಅಲುಗಾಡಿತು. ಅದು ಬೋರ್ಡಿಗೆ ಕೂತೇ ಇರಲಿಲ್ಲ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎತ್ತಿಕೊಂಡಿತ್ತು. ಪ್ರೊಸೆಸರ್ ಮೇಲಿನ ಪೇಸ್ಟ್ ಅದನ್ನೇ ಹೇಳಿತು: ಒಂದು ಬದಿ ತೆಳುವಾಗಿ ಹರಡಿ ಹೊಳೆಯುತ್ತಿತ್ತು, ಇನ್ನೊಂದು ಬದಿ ದಪ್ಪಗೆ, ಒಣಗಿ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಕೂಲರ್ ಎತ್ತಿದಾಗ ಪೇಸ್ಟಿನ ಗುರುತು ನೋಡದೆ ಒರೆಸಬೇಡಿ. ಬೇಕಿದ್ದರೆ ಫೋಟೋ ತೆಗೆಯಿರಿ.

ಎಎಂಡಿಯ ಎಎಂ4 ಸಾಕೆಟ್ ಆದರೆ ಜಾಗ್ರತೆ. ಅದರಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಗೇ ಇರುವುದು. ಪೇಸ್ಟ್ ಒಣಗಿ ಅಂಟಿದ್ದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗುತ್ತದೆ. ಬಿಚ್ಚುವ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಆಮೇಲೆ ಎತ್ತಿ. ನೇರ ಎಳೆಯಬೇಡಿ.

ಹಳೆ ಪೇಸ್ಟ್ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 99 ಶೇಕಡಾದ್ದು ಸಿಗುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದೆ ಅಂತ ಅದನ್ನು ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನೂ ಇದೆ. ಸೀಮೆಎಣ್ಣೆ, ತೆಂಗಿನೆಣ್ಣೆ ಕೇಳಲೇಬೇಡಿ. ನೂಲು ಬಿಡದ ಬಟ್ಟೆಯಲ್ಲಿ ಎರಡೂ ಮೈ ಕನ್ನಡಿಯ ಹಾಗೆ ಆಗುವವರೆಗೆ ಒರೆಸಿ.

ಹೊಸ ಪೇಸ್ಟ್ ಆರ್ಕ್ಟಿಕ್ ಎಂಎಕ್ಸ್-4 ಥರದ್ದು ಸಾಕು. ಮಧ್ಯದಲ್ಲಿ ಒಂದು ಬಟಾಣಿ ಕಾಳಿನಷ್ಟು ಇಡಿ. ಎಲ್‌ಜಿಎ1700 (ಇಂಟೆಲ್ 12ರಿಂದ 14ನೇ ತಲೆಮಾರಿನ ಸಾಕೆಟ್) ಪ್ರೊಸೆಸರ್ ಉದ್ದ ಇರುವುದರಿಂದ ಮಧ್ಯದಲ್ಲಿ ಒಂದು ಸಣ್ಣ ಗೆರೆ ಎಳೆಯುವುದು ನನ್ನ ಪದ್ಧತಿ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪ ಹಚ್ಚಬೇಡಿ. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗುಂಡಿ ತುಂಬುವುದು, ಅಷ್ಟೇ. ಲಿಕ್ವಿಡ್ ಮೆಟಲ್ ಅಂತ ಸಿಗುತ್ತದೆ, ಹತ್ತಿರ ಹೋಗಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಚೆಲ್ಲಿದರೆ ಬೋರ್ಡ್ ನಿಜವಾಗಿಯೂ "ಪೋಯಿ".

ಕೂಲರ್ ಕೂರಿಸುವಾಗ ಪಿನ್ನುಗಳನ್ನು ಬಾಣಕ್ಕೆ ಎದುರು ದಿಕ್ಕಿನಲ್ಲಿ ಮೊದಲಿನ ಜಾಗಕ್ಕೆ ತಿರುಗಿಸಿ. ಆಮೇಲೆ ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಿ. ಟಕ್ ಅಂತ ಕೇಳಬೇಕು. ನಂತರ ಉಳಿದ ಎರಡು. ಬೋರ್ಡಿನ ಹಿಂಬದಿ ಕಾಣುವ ಹಾಗಿದ್ದರೆ ಟಾರ್ಚ್ ಹಿಡಿದು ನಾಲ್ಕೂ ಪಿನ್ನಿನ ಕಾಲುಗಳು ಹೊರಗೆ ಬಂದು ಅಗಲಿಸಿ ಕೂತಿವೆಯಾ ನೋಡಿ. ಕೂಲರನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಅಲುಗಿದರೆ ಪುನಃ ಮಾಡಿ. ಫ್ಯಾನಿನ ವಯರು ಸಿಪಿಯು_ಫ್ಯಾನ್ ಅಂತ ಬರೆದಲ್ಲಿಗೇ ಹೋಗಬೇಕು, ರೆಕ್ಕೆಗೆ ತಾಗಬಾರದು.

ಹೊಸ ಕೂಲರ್ ತೆಗೆದುಕೊಳ್ಳುವವರಿಗೆ ಎರಡು ಮಾತು. ಹಳೆಯ ಎಲ್‌ಜಿಎ1200ರ ತೂತುಗಳ ಅಂತರ 75 ಮಿಲಿಮೀಟರ್, ಎಲ್‌ಜಿಎ1700ರದ್ದು 78. ಮೂರು ಮಿಲಿಮೀಟರ್ ತಾನೇ ಅಂತ ಒತ್ತಿ ಕೂರಿಸಿದವರನ್ನು ನೋಡಿದ್ದೇನೆ. ಮತ್ತೆ, ಕೂಲರಿನ ತಾಮ್ರದ ಬುಡಕ್ಕೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ನಗಬೇಡಿ. ಮಂಜೇಶ್ವರದ ಒಬ್ಬ ಗೆಳೆಯ ಎಂಟು ತಿಂಗಳು ಅದರ ಮೇಲೇ ಪೇಸ್ಟ್ ಹಾಕಿ ಓಡಿಸಿದ್ದ.

ಇಷ್ಟು ಮಾಡಿದ ಮೇಲೆ ನನ್ನ ನೋಟ್‌ಬುಕ್‌ನಲ್ಲಿ: ಕೋಣೆ 33, ಸುಮ್ನೆ ಇದ್ದಾಗ 42, ರೆಂಡರ್‌ನಲ್ಲಿ 81, 70 ವ್ಯಾಟ್.

ಆರನೆಯದು: ಬಯೋಸ್ ಒಳಗೆ

ಕೂಲರ್ ಸರಿ ಇದ್ದೂ ತಾಪ ಮಿತಿ ಮುಟ್ಟುತ್ತಿದ್ದರೆ ಬಯೋಸ್‌ನಲ್ಲಿ ಪವರ್ ಲಿಮಿಟ್ ನೋಡಿ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಅಂತ ಎರಡು ಇವೆ, ಮೊದಲನೆಯದು ಉದ್ದದ ಕೆಲಸಕ್ಕೆ, ಎರಡನೆಯದು ಸ್ವಲ್ಪ ಹೊತ್ತಿನ ಓಟಕ್ಕೆ. ನನ್ನ 12400ಗೆ ಕಂಪೆನಿ ಹೇಳಿದ್ದು 65 ಮತ್ತು 117 ವ್ಯಾಟ್. 13700ಕೆಗೆ 125 ಮತ್ತು 253. ಆದರೆ ತುಂಬಾ ಬೋರ್ಡ್‌ಗಳಲ್ಲಿ ಅಲ್ಲಿ 4096 ಅಂತ ಇರುತ್ತದೆ. 4096 ವ್ಯಾಟ್ ಅಂದರೆ ಎರಡು ಮಿಕ್ಸಿ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಗೀಸರ್ ಒಟ್ಟಿಗೆ ಓಡಿದಷ್ಟು! ಅಷ್ಟು ಯಾವ ಪ್ರೊಸೆಸರೂ ತಿನ್ನುವುದಿಲ್ಲ. ಮಿತಿಯೇ ಇಲ್ಲ ಅಂತ ಅದರ ಅರ್ಥ. ಕಂಪೆನಿ ಹೇಳಿದ ಅಂಕಿ ಹಾಕಿ. ಮಲ್ಟಿಕೋರ್ ಎನ್ಹಾನ್ಸ್‌ಮೆಂಟ್ ಅಂತ ಏನಾದರೂ ಇದ್ದರೆ ಆಫ್ ಮಾಡಿ. ರೈಜನ್‌ನಲ್ಲಾದರೆ ಪಿಬಿಒ (ತಾನಾಗಿ ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ, ಇಕೋ ಮೋಡ್ ಆನ್ ಮಾಡಿ. 7700ಎಕ್ಸ್ ಇಕೋ ಮೋಡ್‌ನಲ್ಲಿ 142ರ ಬದಲು 88 ವ್ಯಾಟಿಗೆ ನಿಲ್ಲುತ್ತದೆ.

ನಾನು ಬೇಸಿಗೆಯಲ್ಲಿ ಎರಡೂ ಲಿಮಿಟ್ 65ಕ್ಕೆ ಇಳಿಸುತ್ತೇನೆ. ತಾಸಿನ ವಿಡಿಯೋಗೆ ಎರಡು ಮೂರು ನಿಮಿಷ ಜಾಸ್ತಿ ಹೋಗುತ್ತದೆ. ಹೋಗಲಿ. ಫ್ಯಾನ್ ಕರ್ವ್‌ನಲ್ಲಿ (ಯಾವ ತಾಪಕ್ಕೆ ಫ್ಯಾನು ಎಷ್ಟು ವೇಗ ಅನ್ನುವ ಸೆಟ್ಟಿಂಗ್) 75 ಡಿಗ್ರಿಗೆ ಫುಲ್ ಸ್ಪೀಡ್ ಬರುವಂತೆ ಇಡಿ. ನೀರಿನ ಕೂಲರ್ ಇದ್ದರೆ ಪಂಪನ್ನು ಯಾವಾಗಲೂ ಫುಲ್ ಸ್ಪೀಡಿನಲ್ಲಿ ಬಿಡಿ.

ಏಳನೆಯದು: ತಣ್ಣಗಾದರೂ ನಿಲ್ಲುತ್ತದೆಯಾ?

ನನ್ನದು ನಿಂತಿತು. 81 ಡಿಗ್ರಿಯಲ್ಲಿ ಎರಡು ದಿನ ಚೆನ್ನಾಗಿ ಓಡಿ, ಮೂರನೆಯ ದಿನ ನೀಲಿ ಸ್ಕ್ರೀನ್. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರೆದಿತ್ತು. ಒಂದು ಕ್ಷಣ ಆ ಅಂಗಡಿಯವರೇ ಸರಿಯಾ ಅಂತ ಅನ್ನಿಸಿತು.

ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಬಿಟ್ಟೆ. ನಾಲ್ಕು ಪಾಸ್ ಒಂದೂ ತಪ್ಪಿಲ್ಲದೆ ಮುಗಿಯಬೇಕು. ನನ್ನಲ್ಲಿ ನಲವತ್ತು ನಿಮಿಷಕ್ಕೇ ಕೆಂಪು ಸಾಲು ಶುರು. ರ್‍ಯಾಮ್ ಸುಟ್ಟಿರಲಿಲ್ಲ. ಅದು 3600 ವೇಗದ್ದು, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇತ್ತು. 12400 ಅಧಿಕೃತವಾಗಿ ಒಪ್ಪುವುದು ಡಿಡಿಆರ್4ನಲ್ಲಿ 3200. ಎಕ್ಸ್‌ಎಂಪಿ ಅಂದರೆ ಒಂದು ಥರ ಓವರ್‌ಕ್ಲಾಕ್, ಅದು ಎಲ್ಲ ಪ್ರೊಸೆಸರ್‌ನಲ್ಲೂ ನಿಲ್ಲುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. 3200ಕ್ಕೆ ಇಳಿಸಿದೆ. ನಾಲ್ಕು ಪಾಸ್ ಹಸಿರು. ಖರ್ಚು ಇಲ್ಲ.

ರ್‍ಯಾಮ್ ಪಾಸಾದರೆ ಪ್ರೊಸೆಸರನ್ನೇ ಪರೀಕ್ಷೆ ಮಾಡಿ. ಪ್ರೈಮ್95 ಹಳೆಯ ಗಟ್ಟಿ ಆಸಾಮಿ. 1996ರಿಂದ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುತ್ತಿರುವ ತಂತ್ರಾಂಶ ಅದು. ಲೆಕ್ಕ ಎಲ್ಲಾದರೂ ತಪ್ಪಿದರೆ ಅದಕ್ಕೆ ಗೊತ್ತಾಗುತ್ತದೆ, ಆ ವರ್ಕರ್ (ಲೆಕ್ಕದ ಒಂದು ಪಾಲು ಮಾಡುವ ಭಾಗ) ನಿಂತುಬಿಡುತ್ತದೆ. ತಾಪ ಮಿತಿಗಿಂತ ಕೆಳಗಿದ್ದೂ ವರ್ಕರ್ ನಿಂತರೆ ಅಸ್ಥಿರತೆ ಖಚಿತ. ಓವರ್‌ಕ್ಲಾಕ್, ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವುದು) ಏನೇ ಮಾಡಿದ್ದರೂ ಬಯೋಸ್ ಡಿಫಾಲ್ಟ್‌ಗೆ ತಂದು ಪುನಃ ನೋಡಿ. ಪ್ರತಿ ಸಲ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಮೊದಲಿಂದ ಹುಡುಕಬೇಕು.

ಇಂಟೆಲ್ 13 ಮತ್ತು 14ನೇ ತಲೆಮಾರಿನವರು ಇದನ್ನು ಓದಲೇಬೇಕು. ಐ7, ಐ9 ಮತ್ತು ಐ5-13600ಕೆ, 14600ಕೆ ಇರುವವರು ಮುಖ್ಯವಾಗಿ. ಆ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಪಡೆದು ಮೆಲ್ಲಗೆ ಸವೆಯುತ್ತಿದ್ದವು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಿದ್ದುಪಡಿ) ಕೊಟ್ಟಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ, 2025ರ ಮೇ ತಿಂಗಳಲ್ಲಿ 0ಎಕ್ಸ್12ಎಫ್. ಬಯೋಸ್ ಅಪ್‌ಡೇಟ್ ಮಾಡಿದರೆ ಇವು ಸಿಗುತ್ತವೆ. ಗೇಮ್ ತೆರೆಯುವಾಗ ವಿಡಿಯೋ ಮೆಮೊರಿ ಸಾಲದು ಅಂತ ಸುಳ್ಳು ದೂರು ಬಂದರೆ, ಜಿಪ್ ಫೈಲ್ ಬಿಡಿಸುವಾಗ ತಪ್ಪು ಬಂದರೆ ಅನುಮಾನ ಪಡಿ. ಆಗಲೇ ಸವೆದ ಪ್ರೊಸೆಸರನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಆದರೆ ಇವಕ್ಕೆ ವಾರಂಟಿಯನ್ನು ಇನ್ನೂ ಎರಡು ವರ್ಷ ಮುಂದೆ ಹಾಕಿ ಒಟ್ಟು ಐದು ವರ್ಷ ಮಾಡಿದ್ದಾರೆ. ಡಬ್ಬಿ ಮತ್ತು ಬಿಲ್ ಅಟ್ಟದಲ್ಲಿದ್ದರೆ ಕೆಳಗಿಳಿಸಿ.

ಇನ್ನು ಕರೆಂಟ್. ಪ್ಲಗ್ ಎಳೆದ ಹಾಗೆ ಆಫ್ ಆಗುವುದು, ಅದೂ ಸಂಜೆ ಏಳರಿಂದ ಹತ್ತರೊಳಗೆ ಮಾತ್ರ ಅಂತಾದರೆ ಪ್ರೊಸೆಸರನ್ನು ಬೈಯಬೇಡಿ. ಮಲ್ಟಿಮೀಟರ್ ಹಿಡಿದು ಪ್ಲಗ್‌ನಲ್ಲಿ ವೋಲ್ಟೇಜ್ ನೋಡಿ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ತೋಟದ ಮನೆಗಳಲ್ಲಿ 230 ಇರಬೇಕಾದಲ್ಲಿ 180 ಕಂಡಿದ್ದೇನೆ. 200ರಿಂದ 240 ಅಂತ ಬರೆದ ಎಸ್‌ಎಂಪಿಎಸ್ ಅಲ್ಲಿ ಸೋಲುತ್ತದೆ. 100ರಿಂದ 240 ಅಂತ ಬರೆದದ್ದು ತಗೊಳ್ಳಿ. ಒಳಗಿನ 12 ವೋಲ್ಟ್ ತಂತಿ ಭಾರದಲ್ಲೂ 11.4ಕ್ಕಿಂತ ಕೆಳಗೆ ಬರಬಾರದು.

ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂದಿನ ಸ್ವಿಚ್ ನೋಡಿ. ಎಷ್ಟೋ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮತ್ತು ಇಕೋ ಅಂತ ಎರಡು ಇರುತ್ತವೆ. ಇಕೋದಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿ ಹಿಡಿಯಲು ಜಾಸ್ತಿ ಹೊತ್ತು ಬೇಕು. ಎಸ್‌ಎಂಪಿಎಸ್ ಅಷ್ಟು ಹೊತ್ತು ಉಸಿರು ಹಿಡಿಯಲಾರದು, ಅದರ ಶಕ್ತಿ ಹದಿನಾರು ಹದಿನೇಳು ಮಿಲಿಸೆಕೆಂಡ್ ಮಾತ್ರ. ಸ್ಕ್ವೇರ್ ವೇವ್ ಇನ್ವರ್ಟರ್ ಮತ್ತು ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಒಂದಕ್ಕೊಂದು ಆಗಿಬರುವುದಿಲ್ಲ. ಪ್ಯೂರ್ ಸೈನ್ ವೇವ್ ಇರಲಿ.

ಪೆಟ್ಟಿಗೆ ಮುಟ್ಟಿದರೆ ಕೈ ಜುಂ ಅನ್ನುತ್ತದೆಯಾ? ಅರ್ತಿಂಗ್ ಇಲ್ಲ. ನಮ್ಮ ಮುರಕಲ್ಲು ಗುಡ್ಡೆಗಳಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ತ್ ಗುಂಡಿ ಇದ್ದೂ ಇಲ್ಲದ ಹಾಗೆ. ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ಆಗಾಗ ಒಂದೆರಡು ಕೊಡ ನೀರು ಹಾಕಿ. ಆಗಲೂ ಹೋಗದಿದ್ದರೆ ವಯರಿಂಗ್ ಮಾಡುವವರನ್ನು ಕರೆಯಿರಿ.

ಮಳೆ ಶುರುವಾದ ಮೇಲೆ

ಜೂನ್‌ನಿಂದ ಬಿಸಿಯ ಚಿಂತೆ ಕಡಿಮೆ, ತೇವದ್ದು ಶುರು. ಚಾವಡಿಯ ಬಾಗಿಲಿಗೆ ಬೂಸು ಬರುವ ಊರಲ್ಲಿ ರ್‍ಯಾಮ್ ಕಾಲುಗಳು ಸುಮ್ಮನಿರುತ್ತವೆಯೇ? ಆಟಿ ತಿಂಗಳಲ್ಲಿ "ಆನ್ ಆಗುತ್ತದೆ, ಸ್ಕ್ರೀನ್ ಬರುವುದಿಲ್ಲ" ಅಂತ ಬರುವ ಫೋನುಗಳಲ್ಲಿ ಹೆಚ್ಚಿನವು ರ್‍ಯಾಮ್ ತೆಗೆದು, ಕಾಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುನಃ ಸಿಕ್ಕಿಸಿದರೆ ಮುಗಿಯುತ್ತವೆ. ಕೆಲಸ ಇರಲಿ ಇಲ್ಲದಿರಲಿ, ದಿನಕ್ಕೆ ಅರ್ಧ ಗಂಟೆ ಆನ್ ಇಡಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಎಸಿ ಕೋಣೆಯಿಂದ ಹೊರಗೆ ತಂದ ಪೆಟ್ಟಿಗೆಯ ಒಳಗೆ ಬೆವರು ಕೂತಿರುತ್ತದೆ, ಎರಡು ತಾಸು ಬಿಟ್ಟು ಆನ್ ಮಾಡಿ.

ಮೇ ತಿಂಗಳ ಮಳೆ ಮತ್ತು ತುಲಾ ಮಳೆಯ (ಅಕ್ಟೋಬರ್, ನವೆಂಬರ್‌ನದ್ದು) ಸಿಡಿಲಿಗೆ ಸ್ವಿಚ್ ಆಫ್ ಸಾಲದು, ಪ್ಲಗ್ ಕೀಳಬೇಕು. ಜೊತೆಗೆ ಮೋಡೆಮ್‌ನ ಲ್ಯಾನ್ ವಯರೂ. ಅದನ್ನು ಮರೆತು ಬೋರ್ಡ್ ಕಳಕೊಂಡವರು ನನ್ನ ಲೆಕ್ಕದಲ್ಲೇ ನಾಲ್ಕು ಮನೆ. ಬಯೋಸ್ ಅಪ್‌ಡೇಟ್ ಅಂತೂ ಮೋಡ ಕಟ್ಟಿದ ದಿನ ಮುಟ್ಟಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಕಷ್ಟ.

ಅಂಗಡಿಗೆ ಹೋಗಲೇಬೇಕಾದಾಗ

ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಪ್ರೊಸೆಸರ್ ಸುತ್ತಲಿನ ವಿಆರ್‌ಎಂ (ಅದಕ್ಕೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ) ಹತ್ತಿರ ಸುಟ್ಟ ವಾಸನೆ ಇದ್ದರೆ, ಡಿಫಾಲ್ಟ್‌ನಲ್ಲೂ ಪ್ರೈಮ್95 ನಿಲ್ಲುತ್ತಿದ್ದರೆ ಮನೆಯ ಕೆಲಸ ಮುಗಿಯಿತು. ನೋಟ್‌ಬುಕ್ ಕೂಡ ಕೊಂಡುಹೋಗಿ. ಕೋಣೆ ಇಷ್ಟು, ತಾಪ ಇಷ್ಟು, ವ್ಯಾಟ್ ಇಷ್ಟು, ರ್‍ಯಾಮ್ ನಾಲ್ಕು ಪಾಸ್ ಆಗಿದೆ ಅಂತ ತೋರಿಸಿ. ಬೇರೆ ಎಸ್‌ಎಂಪಿಎಸ್ ಒಂದನ್ನು ನನ್ನ ಎದುರೇ ಹಾಕಿ ನೋಡಿ ಅಂತ ಕೇಳಿ. ಬೋರ್ಡ್ ಹೋಗಿದೆ ಅಂದರೆ ಹಳೆ ಬೋರ್ಡನ್ನು ಕೈಗೆ ವಾಪಸ್ ತೆಗೆದುಕೊಳ್ಳಿ.

ನಾನು ಮತ್ತೆ ಆ ಅಂಗಡಿಗೆ ಹೋಗಿದ್ದೆ, ಮೊನ್ನೆ, ಒಂದು ಟ್ಯೂಬ್ ಪೇಸ್ಟ್ ತರಲು. "ಬೋರ್ಡ್ ಬದಲಾಯಿಸಿದಿರಾ?" ಅಂತ ಕೇಳಿದರು. ಇಲ್ಲ, ಒಂದು ಪಿನ್ ಒತ್ತಿದೆ ಅಂದೆ.